ಲೆಕ್ಕ ಯಾರು ಕೊಡಬೇಕು?

ವಸ್ತ್ರಾಪುರಕ್ಕೆ ಬಂದ ಹೊಸದರಲ್ಲಿ ನನಗೆ ಅಚ್ಚರಿ ಹುಟ್ಟಿಸಿದ್ದು ನವರಾತ್ರಿ. ನಡುರಾತ್ರಿ ದಾಟಿದ ಮೇಲೂ ಚನಿಯಾ ಚೋಳಿ ತೊಟ್ಟ ಹುಡುಗಿಯರು ಸ್ಕೂಟರ್ ಓಡಿಸಿಕೊಂಡು ಗರ್ಬಾದಿಂದ ಮರಳುತ್ತಿದ್ದರು. 'ಇಲ್ಲಿ ಹೆಣ್ಣುಮಕ್ಕಳಿಗೆ ಭಯವಿಲ್ಲ' ಎಂದು ಊರಿಗೆ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದೆ.

2024ರ ಅಕ್ಟೋಬರಿನಲ್ಲಿ, ನವರಾತ್ರಿಯದೇ ಒಂದು ರಾತ್ರಿ, ವಡೋದರಾದ ಭಾಯಲಿಯಲ್ಲಿ ಅಪ್ರಾಪ್ತ ಹುಡುಗಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಸುದ್ದಿ ಓದಿದ ನನ್ನ ಬಾಯಿಂದ ಬಂದ ಮೊದಲ ಮಾತು: 'ಅಷ್ಟು ಹೊತ್ತಿನಲ್ಲಿ ಅವಳಿಗೆ ಅಲ್ಲೇನು ಕೆಲಸ?' ಮಗಳು ತಲೆಯೆತ್ತಿ, 'ಅವರಿಗೇನು ಕೆಲಸ ಅಂತ ಕೇಳಲ್ವಾ ಅಪ್ಪ?' ಅಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇದು ಗುಜರಾತಿನದಷ್ಟೇ ರೋಗವಲ್ಲ. 2016ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಬ್ರಿಗೇಡ್ ರಸ್ತೆ, ಎಂ.ಜಿ. ರಸ್ತೆಯ ಜಂಗುಳಿಯಲ್ಲಿ ಹೆಣ್ಣುಮಕ್ಕಳಿಗೆ ಕಿರುಕುಳವಾದಾಗ ನಮ್ಮ ಅಂದಿನ ಗೃಹ ಸಚಿವರೂ ಯುವಜನರ ಪಾಶ್ಚಾತ್ಯ ಉಡುಪಿನ ಮಾತೆತ್ತಿದ್ದರು.

ನಾನು ಬೆಳೆದ ಮನೆಯಲ್ಲಿ ತಂಗಿ ಏಳು ಗಂಟೆಗೆ ಬಾರದಿದ್ದರೆ ಅಪ್ಪ ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನು ಹನ್ನೊಂದಕ್ಕೆ ಬಂದರೂ ತಟ್ಟೆ ಮುಚ್ಚಿಟ್ಟಿರುತ್ತಿತ್ತು. ಅಪ್ಪನದು ಪ್ರೀತಿಯೇ. ಆದರೆ ರಾತ್ರಿ ನನ್ನದು, ಲೆಕ್ಕ ಕೊಡಬೇಕಾದವಳು ಅವಳು ಎಂದು ನಾನು ಕಲಿತದ್ದೂ ಅಲ್ಲೇ. ಹಾಗೆ ಬೆಳೆದವರೆಲ್ಲ ಅಪರಾಧಿಗಳಾಗುವುದಿಲ್ಲ, ನಿಜ. ಅಪರಾಧಕ್ಕೆ ಅಪರಾಧಿಯೇ ಹೊಣೆ. ಆದರೆ ಜನ ಮೊದಲು ಅವಳನ್ನೇ ಕೇಳುತ್ತಾರೆ ಎಂಬ ಧೈರ್ಯ ಅವನಿಗೆ ಸಿಗುವುದು ನಮ್ಮಂಥವರ ಮನೆಗಳಿಂದ.

ಮೊನ್ನೆ ಮಗ ತಡವಾಗಿ ಬಂದ. ಎಲ್ಲಿದ್ದೆ, ಯಾರ ಜೊತೆಗಿದ್ದೆ ಎಂದು ಕೇಳಿದೆ. ಅವನಿಗೆ ಸಿಟ್ಟು ಬಂತು. ನಿನ್ನ ಅಕ್ಕ ಇದಕ್ಕೆ ದಿನವೂ ಉತ್ತರ ಕೊಡುತ್ತಾಳೆ, ಕೂತುಕೋ ಅಂದೆ.