ಗಾಳಿ ಕೇಳುವ ಪ್ರಶ್ನೆ



ಒಂದು ಕೆಲಸಕ್ಕೆ ಒಂದು ನಿಯಮವಿದೆ ಎಂದಿಟ್ಟುಕೊಳ್ಳಿ. ಆ ನಿಯಮ ಹೇಳಿದ್ದನ್ನು ನಾವು ಚಾಚೂ ತಪ್ಪದೆ ಪಾಲಿಸಿದ್ದೇವೆ. ಅಲ್ಲಿಗೆ ನಮ್ಮ ಹೊಣೆ ತೀರಿತೇ? ನಿಯಮ ಕೇಳದೇ ಬಿಟ್ಟ ಅಪಾಯವೊಂದು ನಂತರ ನಮ್ಮ ಅರಿವಿಗೆ ಬಂದರೆ ಅದಕ್ಕೂ ನಾವು ಉತ್ತರ ಕೊಡಬೇಕೇ? ನೀತಿಶಾಸ್ತ್ರದ ಈ ಹಳೆಯ ಪ್ರಶ್ನೆಯನ್ನು ಇಂದು ಗಾಳಿಯ ನೆವದಿಂದ ಚಿಂತಿಸೋಣ.

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದ ಮೂರು ಬೃಹತ್ ಮರಗಳನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಆಫ್ರಿಕ ಮೂಲದ, ಬಾವೊಬಾಬ್ ಎಂಬ ಜಾತಿಯ ಆ ಮರಗಳನ್ನು ಊರಿನವರು ದೊಡ್ಡಹುಣಸೆ ಎಂದೇ ಕರೆಯುತ್ತಾರೆ. ಹಲವರು ಕೈಕೈ ಹಿಡಿದು ನಿಂತರೆ ಮಾತ್ರ ಒಂದೊಂದರ ಬೊಡ್ಡೆಯನ್ನು ಸುತ್ತಬಹುದು. 2023ರ ಜುಲೈ ತಿಂಗಳಲ್ಲಿ ಅವುಗಳಲ್ಲೊಂದು ಮಳೆಗಾಳಿಗೆ ಬುಡಸಮೇತ ಉರುಳಿತು. ಅದನ್ನು ಕ್ರೇನುಗಳಿಂದ ಎತ್ತಿ ಮತ್ತೆ ನೆಟ್ಟರು. ಕೆಲವು ತಿಂಗಳಲ್ಲಿ ಅದು ಚಿಗುರಿತೆಂಬುದು ಸಂತೋಷದ ಸುದ್ದಿ. ಆದರೆ ಶತಮಾನಗಳ ಮುಂಗಾರನ್ನು ಕಂಡ ಮರಕ್ಕೆ ಗಾಳಿಯೇನು ಹೊಸದೇ? ಮಣ್ಣು ನೆನೆದು ಬೇರಿನ ಹಿಡಿತ ಸಡಿಲಗೊಂಡರೆ ಯಾವ ಮರವನ್ನೂ ಬೊಡ್ಡೆಯ ದಪ್ಪವೊಂದೇ ಕಾಯಲಾರದು. ನಾವು ಬೊಡ್ಡೆಯನ್ನು ನೋಡಿ ಬೆರಗಾಗುತ್ತೇವೆ. ಗಾಳಿಯಾದರೋ ಬೇರನ್ನು ಪರೀಕ್ಷಿಸುತ್ತದೆ.

ಎತ್ತರದ ಕಟ್ಟಡಗಳ ವಿಷಯವೂ ಹೀಗೆಯೇ. ಕಟ್ಟಡದ ಸ್ವಂತ ಭಾರ ಯಾವಾಗಲೂ ಕೆಳಮುಖವಾಗಿರುತ್ತದೆ; ಅದನ್ನು ಲೆಕ್ಕ ಹಾಕುವುದು ಸುಲಭ. ಗಾಳಿ ಪಕ್ಕದಿಂದ ತಳ್ಳುತ್ತದೆ, ಮೇಲಕ್ಕೆ ಹೋದಷ್ಟೂ ಬಲವಾಗಿ ತಳ್ಳುತ್ತದೆ. ಅದರ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಕಟ್ಟಡವನ್ನು ಬಳಸಿ ಹೋಗುವಾಗ ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಳಿಗಳನ್ನು ಬಿಡುತ್ತ ಕಟ್ಟಡವನ್ನು ತೂಗಿಸಲೂಬಹುದು.

ನಮ್ಮ ದೇಶದಲ್ಲಿ ಈ ಲೆಕ್ಕಕ್ಕೆ ಐಎಸ್ 875 ಎಂಬ ಭಾರತೀಯ ಮಾನಕದ ಮೂರನೆಯ ಭಾಗ ಆಧಾರ. ಸುಮಾರು ಐವತ್ತು ವರ್ಷಗಳಿಗೊಮ್ಮೆ ಬೀಸಬಹುದಾದ ಗಾಳಿಯ ಮೂಲವೇಗವನ್ನು ಅದು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಎಂದು ಗೊತ್ತುಪಡಿಸಿದೆ. ಬೆಂಗಳೂರಿನ ವೇಗ ಗಂಟೆಗೆ ಸುಮಾರು 119 ಕಿಲೋಮೀಟರ್ ಆಯಿತು. ಆ ವೇಗದಲ್ಲಿ ಗೋಡೆಯ ಒಂದೊಂದು ಚದರ ಮೀಟರಿನ ಮೇಲೂ ಸುಮಾರು 67 ಕಿಲೋದಷ್ಟು ಒತ್ತಡ ಬೀಳುತ್ತದೆ, ಅಂದರೆ ಒಬ್ಬ ಬೆಳೆದ ಮನುಷ್ಯನ ತೂಕ. ಮಂಗಳೂರಿನ ಲೆಕ್ಕದಲ್ಲಿ ಅದು 93 ಕಿಲೋ. ವೇಗದ ಅಂತರ ಅಲ್ಪವೆನಿಸಿದರೂ ಒತ್ತಡ ಶೇಕಡಾ 40ರಷ್ಟು ಏರುತ್ತದೆ. ಪುಸ್ತಕದ ಲೆಕ್ಕ ಸಾಲದ ಎತ್ತರಗಳಿಗೆ ಕಟ್ಟಡದ ಪುಟ್ಟ ಮಾದರಿಯನ್ನು ಗಾಳಿಸುರಂಗದಲ್ಲಿಟ್ಟು, ಎಲ್ಲ ದಿಕ್ಕುಗಳಿಂದಲೂ ಗಾಳಿ ಬಿಟ್ಟು ಪರೀಕ್ಷಿಸುತ್ತಾರೆ.

ಎಲ್ಲ ದಿಕ್ಕುಗಳಿಂದಲೂ ಏಕೆ? ಇದಕ್ಕೆ ನ್ಯೂಯಾರ್ಕಿನ ಸಿಟಿಕಾರ್ಪ್ ಕಟ್ಟಡದ ಕಥೆ ಉತ್ತರ ಹೇಳುತ್ತದೆ. 1977ರಲ್ಲಿ ಪೂರ್ಣಗೊಂಡ 59 ಅಂತಸ್ತುಗಳ ಈ ಕಟ್ಟಡದ ನಿವೇಶನದ ಒಂದು ಮೂಲೆಯಲ್ಲಿ ಸಂತ ಪೇತ್ರರ ಹೆಸರಿನ ಲೂಥರನ್ ದೇವಾಲಯವಿತ್ತು. ಅದೇ ಮೂಲೆಯಲ್ಲಿ ಹೊಸ ದೇವಾಲಯ ಪ್ರತ್ಯೇಕವಾಗಿ ನಿಲ್ಲಬೇಕೆಂಬುದು ಒಪ್ಪಂದ. ಆದ್ದರಿಂದ ಎಂಜಿನಿಯರ್ ವಿಲಿಯಂ ಲೆಮೆಸೂರಿಯರ್ ಒಂಬತ್ತು ಅಂತಸ್ತು ಎತ್ತರದ ಕಾಲುಗಳನ್ನು ನಾಲ್ಕು ಮೂಲೆಗಳಲ್ಲಿ ಇಡದೆ ನಾಲ್ಕು ಬದಿಗಳ ನಡುವೆ ಇಟ್ಟರು. ಗಾಳಿ ಗೋಡೆಗೆ ನೇರವಾಗಿ ಬೀಸಿದರೆ ಏನಾಗುವುದೆಂದು ಅಂದಿನ ನಗರ ನಿಯಮ ಕೇಳುತ್ತಿತ್ತು. ಅದಕ್ಕೆ ಅವರ ಬಳಿ ಸರಿಯಾದ ಉತ್ತರವಿತ್ತು. ಮೂಲೆಯಿಂದ ಓರೆಯಾಗಿ ಬೀಸಿದರೆ ಏನಾಗುವುದೆಂದು ನಿಯಮ ಕೇಳಿರಲಿಲ್ಲ.

1978ರಲ್ಲಿ, ವಿದ್ಯಾರ್ಥಿಯೊಬ್ಬರ ಪ್ರಶ್ನೆಯ ಬಳಿಕ, ಲೆಮೆಸೂರಿಯರ್ ಆ ಓರೆಗಾಳಿಯ ಲೆಕ್ಕ ಹಾಕಿದರು. ಕೆಲವು ಉಕ್ಕಿನ ತೊಲೆಗಳ ಮೇಲಿನ ಬಲ ಶೇಕಡಾ 40ರಷ್ಟು ಹೆಚ್ಚುತ್ತಿತ್ತು. ಅದಲ್ಲದೆ ವೆಲ್ಡಿಂಗ್ ಮಾಡಬೇಕಾಗಿದ್ದ ಜೋಡಣೆಗಳನ್ನು ಬೋಲ್ಟ್ ಹಾಕಿ ಮುಗಿಸಲಾಗಿತ್ತು. ಬಿರುಗಾಳಿಗೆ ವಿದ್ಯುತ್ ಕಡಿದು, ತೂಗಾಟವನ್ನು ತಗ್ಗಿಸುವ 400 ಟನ್ನಿನ ಕಾಂಕ್ರೀಟ್ ಗುಂಡು ನಿಂತುಹೋದರೆ, ಹದಿನಾರು ವರ್ಷಗಳಿಗೊಮ್ಮೆ ಬರಬಹುದಾದ ಗಾಳಿಯೇ ಕಟ್ಟಡವನ್ನು ಕೆಡವಬಹುದೆಂದು ಅವರ ಲೆಕ್ಕ ಹೇಳಿತು.

ಅವರು ಸುಮ್ಮನಿರಬಹುದಾಗಿತ್ತು. ಓರೆಗಾಳಿಯ ಲೆಕ್ಕವನ್ನು ಯಾವ ಅಧಿಕಾರಿಯೂ ಅವರಿಂದ ಕೇಳಿರಲಿಲ್ಲ. ಆದರೂ ಅವರು ತಮ್ಮ ಹೆಸರನ್ನೇ ಪಣಕ್ಕಿಟ್ಟು ಮಾಲೀಕರ ಬಳಿ ಹೋಗಿ ಇದ್ದದ್ದನ್ನು ಹೇಳಿದರು. ಆ ವರ್ಷ ಆಗಸ್ಟಿನಿಂದ ರಾತ್ರಿ ರಾತ್ರಿ ಕೆಲಸ ನಡೆಸಿ ಇನ್ನೂರಕ್ಕೂ ಹೆಚ್ಚು ಜೋಡಣೆಗಳ ಮೇಲೆ ಉಕ್ಕಿನ ದಪ್ಪ ಫಲಕಗಳನ್ನು ವೆಲ್ಡ್ ಮಾಡಲಾಯಿತು. ಕೆಲಸದ ನಡುವೆಯೇ ಎಲ್ಲಾ ಎಂಬ ಚಂಡಮಾರುತ ಅತ್ತ ಮುಖ ಮಾಡಿ, ಬಳಿಕ ಸಮುದ್ರದತ್ತ ತಿರುಗಿತು.

ನಮ್ಮ ಪ್ರಶ್ನೆಗೆ ಇಲ್ಲಿ ಸ್ಪಷ್ಟವಾದ ಉತ್ತರವಿದೆ. ನಿಯಮವೆಂಬುದು ಹಿಂದೆ ಬಿದ್ದ ಕಟ್ಟಡಗಳಿಂದ, ಹಿಂದೆ ಸತ್ತವರಿಂದ ಕಲಿತ ಪಾಠ. ಅದನ್ನು ಗೌರವಿಸಲೇಬೇಕು. ಆದರೆ ಮುಂದೆ ಬರಲಿರುವುದನ್ನೆಲ್ಲ ಅದು ಮೊದಲೇ ಅರಿತಿರಲಾರದು. ಅದು ಮೌನವಾಗಿರುವಲ್ಲಿ ಮಾತನಾಡಬೇಕಾದುದು ನಮ್ಮ ಅಂತಃಸಾಕ್ಷಿ. ಅಪಾಯ ಗೊತ್ತಾದ ಕ್ಷಣದಿಂದ, ಆ ಸೂರಿನಡಿ ಮಲಗುವವರ ಪ್ರಾಣಕ್ಕೆ ಗೊತ್ತಿದ್ದವನೇ ಹೊಣೆ.

ಆದರೆ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಕೈಮುಗಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾದೀತು. ಆ ರಾತ್ರಿಗಳಲ್ಲಿ ಸುತ್ತಲಿನ ಬೀದಿಗಳಲ್ಲಿ ಮಲಗಿದ್ದವರಿಗೆ ತಮ್ಮ ತಲೆಯ ಮೇಲಿದ್ದ ಅಪಾಯವನ್ನು ಯಾರೂ ಹೇಳಲಿಲ್ಲ. ಜನರನ್ನು ತೆರವುಗೊಳಿಸುವ ಯೋಜನೆ ಸಿದ್ಧವಾಗಿತ್ತು. ಅದು ಯಾರಿಗಾಗಿ ಸಿದ್ಧವಾಗಿತ್ತೋ ಅವರಿಗೇ ಗೊತ್ತಿರಲಿಲ್ಲ. ಸಂಗತಿ ಬಯಲಾದದ್ದು 1995ರಲ್ಲಿ, ಒಂದು ಪತ್ರಿಕಾ ಲೇಖನದಿಂದ. ಜನ ಗಾಬರಿಗೊಳ್ಳುತ್ತಾರೆಂಬ ನೆಪ ಆಳುವವರ ಬಾಯಲ್ಲಿ ಸದಾ ಇರುತ್ತದೆ. ಪಾಪನಿವೇದನೆಯ ಗೌಪ್ಯತೆಯನ್ನು ಪ್ರಾಣಕ್ಕಿಂತ ಹೆಚ್ಚಾಗಿ ಕಾಯಬೇಕೆಂದು ಕಲಿತ ಯಾಜಕನಾಗಿ ನಾನು ಹೇಳುತ್ತೇನೆ: ಅದು ನಿವೇದಿಸುವವನ ಆತ್ಮವನ್ನು ಕಾಯುವ ಗೌಪ್ಯತೆ. ಇತರರ ಪ್ರಾಣಕ್ಕಿರುವ ಅಪಾಯವನ್ನು ನಮ್ಮ ಮಾನ ಉಳಿಸಿಕೊಳ್ಳಲು ಮುಚ್ಚಿಡುವುದಕ್ಕೆ ಆ ಪವಿತ್ರ ಹೆಸರು ಸಲ್ಲದು. ದುರಸ್ತಿ ಎಷ್ಟು ಅಗತ್ಯವಾಗಿತ್ತೋ ಸತ್ಯವೂ ಅಷ್ಟೇ ಅಗತ್ಯವಾಗಿತ್ತು.

ಇನ್ನೊಂದು ಸಂಗತಿಯೂ ಇದೆ. ಹತ್ತಾರು ವರ್ಷಗಳ ನಂತರ, 2019ರಲ್ಲಿ, ಅಮೆರಿಕದ ಸಂಶೋಧಕರು ಹೊಸ ವಿಧಾನಗಳಿಂದ ಮತ್ತೆ ಲೆಕ್ಕ ಹಾಕಿ, ಓರೆಗಾಳಿಯ ಅಪಾಯ ಅಂದು ಭಾವಿಸಿದಷ್ಟು ದೊಡ್ಡದಾಗಿರಲಿಲ್ಲವೆಂದು ತೋರಿಸಿದರು. ಹಾಗಾದರೆ ಆ ರಾತ್ರಿಗಳ ಶ್ರಮ ವ್ಯರ್ಥವೇ? ಖಂಡಿತ ಅಲ್ಲ. ಮನುಷ್ಯನು ತನಗೆ ಅಂದು ಲಭ್ಯವಿದ್ದ ಬೆಳಕಿನಲ್ಲಿ ನಡೆಯಬೇಕು. ಮುಂದೆ ಸಿಗಲಿರುವ ಬೆಳಕಿಗಾಗಿ ಅವನನ್ನು ಯಾರೂ ವಿಚಾರಿಸುವುದಿಲ್ಲ. ಮಗುವಿಗೆ ಜ್ವರವೆಂದು ನಡುರಾತ್ರಿ ಆಸ್ಪತ್ರೆಗೆ ಓಡಿದ ತಾಯಿಗೆ, ಬೆಳಿಗ್ಗೆ ಜ್ವರ ಇಳಿದರೆ, ನೀನು ಓಡಿದ್ದು ತಪ್ಪೆಂದು ಯಾರಾದರೂ ಹೇಳುತ್ತಾರೆಯೇ?

ಇವೆಲ್ಲ ದೊಡ್ಡ ನಗರಗಳ ಮಾತೆಂದು ಬದಿಗಿಡಬೇಡಿ. ಬೇಸಿಗೆಯ ಕೊನೆಗೆ ಗುಡುಗಿನೊಡನೆ ಬರುವ ಬಿರುಗಾಳಿಗೆ ಮನೆಗಳ ತಗಡು ಹಾರಿಹೋದ ಸುದ್ದಿಯನ್ನು ಪ್ರತಿ ವರ್ಷವೂ ಓದುತ್ತೇವೆ. ಗಾಳಿ ತಗಡನ್ನು ಕೆಳಕ್ಕೆ ಒತ್ತುತ್ತದೆಂದು ನಾವು ತಿಳಿಯುತ್ತೇವೆ. ಆದರೆ ಇಳಿಜಾರು ಕಡಿಮೆಯಿರುವ ಚಾವಣಿಯ ಮೇಲೆ ವೇಗವಾಗಿ ಹಾಯುವ ಗಾಳಿ ಅದನ್ನು ಮೇಲಕ್ಕೆ ಹೀರುತ್ತದೆ. ಬೆಂಗಳೂರಿಗೆ ಹೇಳಿದ ಒತ್ತಡವೇ ಮೇಲ್ಮುಖವಾಗಿ ಎಳೆದರೆ ಮೂರು ಚದರ ಮೀಟರಿನ ಒಂದು ತಗಡಿಗೆ 200 ಕಿಲೋ ಬಲ ಬೀಳುತ್ತದೆ. ಮೇಲೆ ಹೇರಿದ ನಾಲ್ಕು ಕಲ್ಲುಗಳು ಅದನ್ನು ಹಿಡಿಯಲಾರವು. ಅವೇ ಉರುಳಿ ಕೆಳಗಿರುವವರ ಮೇಲೆ ಬಿದ್ದಾವು. ತಗಡನ್ನು ತೊಲೆಗೆ, ತೊಲೆಯನ್ನು ಗೋಡೆಗೆ ಕೊಕ್ಕೆ, ಬೋಲ್ಟುಗಳಿಂದ ಬಿಗಿಯಬೇಕು. ಹಳ್ಳಿಯ ತಗಡಿನ ಮನೆಗೆ ಯಾವ ಅಧಿಕಾರಿಯೂ ಬಂದು ಕೊಕ್ಕೆ ಎಣಿಸುವುದಿಲ್ಲ. ಅಲ್ಲಿ ಕೂಲಿಗೆ ಬಂದ ಗೌಂಡಿಯ ಅಂತಃಸಾಕ್ಷಿಯೇ ಕಾನೂನು. ಖರ್ಚು ಉಳಿಸಲು ನಾಲ್ಕು ಕೊಕ್ಕೆ ಕಡಿಮೆ ಹಾಕೆನ್ನುವ ಮನೆಯ ಯಜಮಾನನೂ ಆ ಹೊಣೆಯಲ್ಲಿ ಪಾಲುದಾರ.

ಸಂತ ಮತ್ತಾಯನ ಶುಭಸಂದೇಶದಲ್ಲಿ ಪ್ರಭು ಯೇಸು ಹೇಳಿದ ಎರಡು ಮನೆಗಳ ಸಾಮತಿಯನ್ನು ನೆನೆಯಿರಿ. ಎರಡೂ ಮನೆಗಳಿಗೆ ಬಡಿದದ್ದು ಅದೇ ಮಳೆ, ಅದೇ ಗಾಳಿ. ಭೇದವಿದ್ದುದು ಕಣ್ಣಿಗೆ ಕಾಣದ ತಳಹದಿಯಲ್ಲಿ. ನೀವು ಗೌಂಡಿಯಾಗಿರಲಿ, ವಾಹನ ಚಾಲಕರಾಗಿರಲಿ, ಔಷಧದಂಗಡಿಯವರಾಗಿರಲಿ, ಬೆಂಗಳೂರಿನಲ್ಲಿ ನಕಾಶೆಗೆ ಸಹಿ ಹಾಕುವ ಎಂಜಿನಿಯರ್ ಆಗಿರಲಿ, ಯಾರೂ ಕೇಳದ ಒಂದು ಪ್ರಶ್ನೆ ನಿಮ್ಮ ಕೆಲಸದಲ್ಲೂ ಇರುತ್ತದೆ. ಅದನ್ನು ನೀವೇ ಕೇಳಿಕೊಳ್ಳಿ. ಉತ್ತರ ಅಪಾಯವನ್ನು ತೋರಿಸಿದರೆ, ಅದು ಯಾರನ್ನು ತಟ್ಟುವುದೋ ಅವರಿಗೆ ಹೇಳಿ, ಮುಂದಿನ ಮಳೆಗಾಲದೊಳಗೆ ಸರಿಪಡಿಸಿ.