ಚಳಿಗಾಲದ ಬಿಡುವು ಮತ್ತು ಬಂಧವೆಂಬ ಅತಿಚಾರ

ಅಹಿಂಸಾಣುವ್ರತಕ್ಕೆ ತಗಲಬಹುದಾದ ಐದು ಅತಿಚಾರಗಳನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬವೇ ಅವು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಅಲ್ಪ ಶಬ್ದಭೇದದಿಂದ ಇವೇ ಬರುತ್ತವೆ. ಪ್ರವಚನದಲ್ಲಿ ಈ ಪಟ್ಟಿ ಬಂದಾಗ ಕೇಳುವವರ ಮನಸ್ಸು ಸಾಮಾನ್ಯವಾಗಿ ದನದ ಕೊಟ್ಟಿಗೆಯ ಕಡೆಗೆ, ಹೇರು ಹೊರುವ ಎತ್ತಿನ ಕಡೆಗೆ ಹೋಗುತ್ತದೆ. ಕೊಟ್ಟಿಗೆಯಿಲ್ಲದ ಪಟ್ಟಣವಾಸಿಗಳು ಈ ದೋಷಗಳು ತಮಗೆ ಸಂಬಂಧಿಸಿದವಲ್ಲವೆಂದು ನಿಶ್ಚಿಂತರಾಗಿ ಎದ್ದು ಹೋಗುತ್ತಾರೆ. (ಅತಿಭಾರಾರೋಪಣವೆಂದೊಡನೆ ಶಾಲಾ ಮಕ್ಕಳ ಬೆನ್ನಿನ ಚೀಲ ನೆನಪಾದರೆ ತಪ್ಪೇನೂ ಇಲ್ಲ, ಅದು ಬೇರೆಯೇ ಲೇಖನದ ವಿಷಯ.) ಆದರೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಂಧವನ್ನು ಹಗ್ಗಕ್ಕಾಗಲಿ ಪಶುವಿಗಾಗಲಿ ಸೀಮಿತಗೊಳಿಸಲಿಲ್ಲ. ಜೀವಿಯು ತನಗೆ ಇಷ್ಟವಾದ ಎಡೆಗೆ ಹೋಗದಂತೆ ತಡೆಯುವ ಕಾರಣವೇ ಬಂಧ ಎಂಬುದು ಅವರ ಅಭಿಪ್ರಾಯ. ಈ ವ್ಯಾಖ್ಯೆಯನ್ನು ಒಪ್ಪಿದರೆ ಮುಚ್ಚಿದ ಬಾಗಿಲೂ ಬಂಧವೇ, ‘ಇಂದು ಹೊರಗೆ ಹೋಗಕೂಡದು’ ಎಂಬ ಆಜ್ಞೆಯೂ ಬಂಧವೇ.

ಅಮೆರಿಕದ ಉತ್ತರದ ರಾಜ್ಯಗಳಾದ ಮಿನ್ನೆಸೋಟ, ವಿಸ್ಕಾನ್ಸಿನ್, ಇಲಿನಾಯ್, ಮಿಷಿಗನ್‌ಗಳಲ್ಲಿಯೂ, ಕೆನಡಾದ ಬಹುಭಾಗದಲ್ಲಿಯೂ ಈ ಆಜ್ಞೆ ಪ್ರತಿ ಚಳಿಗಾಲದಲ್ಲಿ ಪ್ರಾಥಮಿಕ ಶಾಲೆಗಳ ಧ್ವನಿವರ್ಧಕದಿಂದ ಕೇಳಿಬರುತ್ತದೆ. ಅಲ್ಲಿನ ಮಕ್ಕಳಿಗೆ ಮಧ್ಯಾಹ್ನದ ಊಟದ ಆಸುಪಾಸಿನಲ್ಲಿ ಹದಿನೈದೋ ಇಪ್ಪತ್ತೋ ನಿಮಿಷಗಳ ಆಟದ ಬಿಡುವು ಇರುತ್ತದೆ. ಅದಕ್ಕೆ ರಿಸೆಸ್ ಎಂದು ಹೆಸರು. ಚಳಿ ಮಿತಿಮೀರಿದ ದಿನ ಅದು ‘ಇಂಡೋರ್ ರಿಸೆಸ್’ ಆಗುತ್ತದೆ, ಎಂದರೆ ಮಕ್ಕಳು ಪಾಠ ಕೇಳಿದ ಕೊಠಡಿಯಲ್ಲಿಯೇ ಬಿಡುವನ್ನೂ ಕಳೆಯುತ್ತಾರೆ. ಕರ್ನಾಟಕದ ಅನೇಕ ಜೈನ ಕುಟುಂಬಗಳ ಮೊಮ್ಮಕ್ಕಳು ಇಂದು ಆ ಶಾಲೆಗಳಲ್ಲಿ ಓದುತ್ತಿದ್ದಾರೆ. 1993ರಲ್ಲಿ ಪ್ರತಿಷ್ಠೆಗೊಂಡ ಷಿಕಾಗೋ ಸಮೀಪದ ಬಾರ್ಟ್‌ಲೆಟ್ ಜಿನಮಂದಿರದ ಸುತ್ತಮುತ್ತ ಜನವರಿಯ ಹಗಲು ಎಂತಹುದೆಂಬುದನ್ನು ಅಲ್ಲಿಗೆ ಹೋಗಿಬಂದ ಹಿರಿಯರೇ ಬಲ್ಲರು. ಆದ್ದರಿಂದ ಈ ಪ್ರಶ್ನೆ ಪರದೇಶದ್ದಾದರೂ ಪರಕೀಯವಲ್ಲ: ಮಗುವಿನ ಹಿತಕ್ಕಾಗಿ ಮಗುವಿನ ಗತಿಯನ್ನು ತಡೆಯುವುದು ಯಾವಾಗ ದಯೆ, ಯಾವಾಗ ಅತಿಚಾರ?

ಮೊದಲು ಚಳಿಯ ಪಕ್ಷವನ್ನು ಕೇಳಬೇಕು, ಏಕೆಂದರೆ ಅದು ನೆಪವಲ್ಲ. ಚಳಿಯ ಉಗ್ರತೆ ಉಷ್ಣಮಾಪಕದಿಂದ ಮಾತ್ರ ತಿಳಿಯುವುದಿಲ್ಲ; ಗಾಳಿಯು ಚರ್ಮದ ಮೇಲಿನ ಬೆಚ್ಚನೆಯ ಪದರವನ್ನು ಬಿಡದೆ ಹೊತ್ತೊಯ್ಯುತ್ತದೆ. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪಾಸೆಲ್ ಎಂಬಿಬ್ಬರು ಅಂಟಾರ್ಕ್ಟಿಕದಲ್ಲಿ ನೀರು ಹೆಪ್ಪುಗಟ್ಟುವ ವೇಗವನ್ನು ಅಳೆದು ಇದರ ಲೆಕ್ಕವನ್ನು 1945ರಲ್ಲಿ ಪ್ರಕಟಿಸಿದರು. 2001ರಲ್ಲಿ ಅಮೆರಿಕ ಹಾಗೂ ಕೆನಡಾಗಳು ಆ ಲೆಕ್ಕವನ್ನು ಪರಿಷ್ಕರಿಸಿ ಹೊಸ ಕೋಷ್ಟಕವನ್ನು ಜಾರಿಗೆ ತಂದವು. ಅದರ ಪ್ರಕಾರ ಉಷ್ಣತೆ ಶೂನ್ಯ ಫ್ಯಾರನ್‌ಹೀಟ್, ಎಂದರೆ ಸುಮಾರು ಮೈನಸ್ 18 ಸೆಲ್ಸಿಯಸ್ ಇದ್ದು, ಗಾಳಿ ಗಂಟೆಗೆ 15 ಮೈಲಿ ಬೀಸುತ್ತಿದ್ದರೆ ಬರಿಯ ಮುಖಕ್ಕೆ ಅದು ಮೈನಸ್ 28 ಸೆಲ್ಸಿಯಸ್‌ನಂತೆ ತೋರುತ್ತದೆ. ಅರ್ಧ ಗಂಟೆಯೊಳಗೆ ಚರ್ಮ ಹಿಮಗಟ್ಟುವ ಅಪಾಯವಿದೆ. ಮಕ್ಕಳ ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚಾದುದರಿಂದ ಅವರು ದೊಡ್ಡವರಿಗಿಂತ ಬೇಗ ಶಾಖವನ್ನು ಕಳೆದುಕೊಳ್ಳುತ್ತಾರೆ. ಆಟದ ಗುಂಗಿನಲ್ಲಿ ಅದನ್ನು ಹೇಳಿಕೊಳ್ಳುವುದೂ ಇಲ್ಲ. 2019ರ ಜನವರಿ 30ರಂದು ಷಿಕಾಗೋ ನಗರದ ಉಷ್ಣತೆ ಮೈನಸ್ 31 ಸೆಲ್ಸಿಯಸ್‌ನಷ್ಟು ಕೆಳಗಿಳಿದಾಗ ಶಾಲೆಗಳನ್ನೇ ಮುಚ್ಚಲಾಯಿತು. ಅದನ್ನು ಅತಿಚಾರವೆಂದು ಯಾರೂ ಹೇಳಲಾರರು.

ಆ ನಾಡಿನ ನೆನಪಿನಲ್ಲಿ ಇನ್ನೂ ಹಳೆಯ ಭಯವೊಂದಿದೆ. 1888ರ ಜನವರಿ 12ರಂದು ನೆಬ್ರಾಸ್ಕ, ಡಕೋಟ, ಮಿನ್ನೆಸೋಟಗಳ ಬಯಲಿನಲ್ಲಿ ಬೆಳಗು ಎಂದಿಗಿಂತ ಹಿತವಾಗಿತ್ತು. ಮಕ್ಕಳು ದಪ್ಪ ಕೋಟುಗಳಿಲ್ಲದೆಯೇ ಏಕೋಪಾಧ್ಯಾಯ ಶಾಲೆಗಳಿಗೆ ಹೋಗಿದ್ದರು. ಹಗಲಿನಲ್ಲಿಯೇ ಹಿಮಬಿರುಗಾಳಿ ಗೋಡೆಯಂತೆ ಬಂದೆರಗಿತು. ಮನೆಗೆ ಹೊರಟ ಮಕ್ಕಳು ದಾರಿ ಕಾಣದೆ ಬಯಲಿನಲ್ಲಿಯೇ ಉಳಿದರು. ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ 235 ಎಂದು ಅಂದಾಜಿಸುತ್ತಾರೆ. ಅವರಲ್ಲಿ ಮಕ್ಕಳು ಅನೇಕರಿದ್ದುದರಿಂದ ಅದಕ್ಕೆ ಮಕ್ಕಳ ಹಿಮಬಿರುಗಾಳಿ ಎಂದೇ ಹೆಸರಾಯಿತು. ಅಂದು ನೆಬ್ರಾಸ್ಕದ ಮಿನ್ನೀ ಫ್ರೀಮನ್ ಎಂಬ ತರುಣ ಉಪಾಧ್ಯಾಯಿನಿ, ಶಾಲೆಯ ಮಾಡು ಹಾರಿಹೋದಾಗ ಮಕ್ಕಳನ್ನೆಲ್ಲ ಸಮೀಪದ ಮನೆಯೊಂದಕ್ಕೆ ಸುರಕ್ಷಿತವಾಗಿ ಮುಟ್ಟಿಸಿದಳು. ಮಕ್ಕಳನ್ನು ಒಬ್ಬರಿಗೊಬ್ಬರು ಹಗ್ಗದಿಂದ ಬಿಗಿದು ಕರೆದೊಯ್ದಳೆಂದು ಜನ ಹೇಳುತ್ತಾರೆ. ಹಗ್ಗವಿತ್ತೋ ಇಲ್ಲವೋ ಎಂಬಲ್ಲಿ ಭಿನ್ನಾಭಿಪ್ರಾಯವಿದೆ. ಇದ್ದಿದ್ದರೆ, ಅದು ಕಣ್ಣಿಗೆ ಬಂಧವಾಗಿ ಕಂಡರೂ ಅಭಯದಾನವೇ ಆಗಿತ್ತೆಂಬುದರಲ್ಲಿ ಸಂಶಯವಿಲ್ಲ.

ಹಾಗಾದರೆ ಬಂಧದಲ್ಲಿ ದೋಷವಿರುವುದೆಲ್ಲಿ? ಗೃಹಸ್ಥಧರ್ಮದ ವ್ಯಾಖ್ಯಾನಕಾರರು ಈ ಪ್ರಶ್ನೆಯನ್ನು ಬಹು ಸೂಕ್ಷ್ಮವಾಗಿ ಬಿಡಿಸಿದ್ದಾರೆ. ನಿಷ್ಪ್ರಯೋಜನವಾಗಿ ಯಾವ ಜೀವಿಯನ್ನೂ ಕಟ್ಟಕೂಡದು. ಪ್ರಯೋಜನಕ್ಕಾಗಿ ಕಟ್ಟಬೇಕಾಗಿ ಬಂದರೆ ಗಂಟು ಸಡಿಲವಾಗಿರಬೇಕು, ಕೊಟ್ಟಿಗೆಗೆ ಬೆಂಕಿ ಬಿದ್ದರೆ ತಕ್ಷಣ ಬಿಚ್ಚಲು ಬರುವಂತಿರಬೇಕು. ಕಟ್ಟಿದ ಪ್ರಾಣಿಗೆ ಮೈ ಅಲುಗಿಸಲು ಎಡೆಯಿರಬೇಕು. ಕಟ್ಟಿದವನು ಅದರ ಮೇಲೆ ಗಮನವಿಟ್ಟಿರಬೇಕು. ವಿಶೇಷವೆಂದರೆ ಅವರು ಪಶುವಿನೊಂದಿಗೇ ಮನುಷ್ಯರನ್ನೂ, ಓದಿನಲ್ಲಿ ಆಲಸ್ಯ ತೋರುವ ಮಗನನ್ನು ಸಹ, ಇದೇ ನಿಯಮದ ಅಡಿಯಲ್ಲಿ ತಂದಿದ್ದಾರೆ. ಮಕ್ಕಳನ್ನು ಶಿಸ್ತಿಗಾಗಿ ಕಟ್ಟಿಹಾಕುವುದು ಸಾಮಾನ್ಯವಾಗಿದ್ದ ಕಾಲದಲ್ಲಿ, ಕಟ್ಟಿದರೂ ಅಲುಗಾಡಲು ಬರುವಂತೆ ಕಟ್ಟಿ, ಕಾವಲಿರಿ ಎಂದು ಹೇಳಿದ ಆ ಕರುಣೆ ಗಮನಾರ್ಹವಾದುದು. ಸಡಿಲ ಗಂಟಿನ ಈ ವಿವೇಕವೇ ಚಳಿಗಾಲದ ಕೊಠಡಿಗೂ ಅಳತೆಗೋಲು.

ಈ ಅಳತೆಗೋಲನ್ನು ಹಿಡಿದರೆ ಕೆಲವು ಅಹಿತಕರ ಸಂಗತಿಗಳು ಕಾಣುತ್ತವೆ. ಉತ್ತರದ ಎಷ್ಟೋ ಶಾಲೆಗಳು ಶೂನ್ಯ ಫ್ಯಾರನ್‌ಹೀಟಿನ ಆಸುಪಾಸಿನವರೆಗೂ ಮಕ್ಕಳನ್ನು ಹೊರಗೆ ಬಿಡುತ್ತವೆ. ದಕ್ಷಿಣದ ಬೆಚ್ಚನೆಯ ರಾಜ್ಯಗಳಲ್ಲಿ ಅದಕ್ಕಿಂತ ಎಷ್ಟೋ ಹಿತವಾದ ದಿನವೂ ಬಾಗಿಲು ಮುಚ್ಚುತ್ತದೆ. ಮಗುವಿನ ಚರ್ಮ ಎರಡೂ ಕಡೆ ಒಂದೇ. ಅಭ್ಯಾಸ, ಉಡುಪು, ಹಿರಿಯರ ಧೈರ್ಯ ಇವುಗಳಷ್ಟೇ ಬೇರೆ. ಉತ್ತರದಲ್ಲಿಯೂ ಬಾಗಿಲು ಮುಚ್ಚಲು ಚಳಿಯೊಂದೇ ಕಾರಣವಲ್ಲ. ಒಂದನೆಯ ತರಗತಿಯ ಇಪ್ಪತ್ತೈದು ಮಕ್ಕಳಿಗೆ ಹಿಮದ ಷರಾಯಿ, ಬೂಟು, ಕೋಟು, ಟೊಪ್ಪಿಗೆ, ಕೈಗವಸುಗಳನ್ನು ತೊಡಿಸಿ, ಸಿಕ್ಕಿಕೊಂಡ ಜಿಪ್ಪುಗಳನ್ನು ಎಳೆದು, ಕಳೆದುಹೋದ ಎಡಗೈಯ ಗವಸನ್ನು ಹುಡುಕಿಕೊಡುವಷ್ಟರಲ್ಲಿ ಬಿಡುವಿನ ಅರ್ಧ ಮುಗಿದಿರುತ್ತದೆ. ಮರಳಿ ಬಂದ ಮೇಲೆ ಕಳಚುವ ಕೆಲಸ ಬೇರೆ. ದಣಿದ ಉಪಾಧ್ಯಾಯಿನಿಗೆ ‘ಇಂದು ಒಳಗೇ’ ಎನ್ನುವುದು ಸುಲಭ. ಆಕೆಯನ್ನು ನಿಂದಿಸುವುದು ನ್ಯಾಯವಲ್ಲ; ಮಕ್ಕಳು ಒಳಗುಳಿದ ದಿನ ಆಕೆಯ ವಿರಾಮವೂ ಹೋಗುತ್ತದೆ. ಆದರೂ ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂದು ಶಾಸ್ತ್ರ ಹೇಳಿರುವಾಗ, ಇಂದಿನ ಆಜ್ಞೆ ಗಾಳಿಯನ್ನು ನೋಡಿ ಹೊರಟಿತೋ ಆಯಾಸವನ್ನು ನೋಡಿ ಹೊರಟಿತೋ ಎಂದು ಪ್ರತಿದಿನವೂ ಕೇಳಿಕೊಳ್ಳುವುದು ಹಿರಿಯರ ಕರ್ತವ್ಯ. ಸಂಸ್ಥೆಗಳ ಲೆಕ್ಕದ ಪುಸ್ತಕದ ರೀತಿಯೇ ಹೀಗೆ. ಒಂದು ಮಗುವಿನ ಬೆರಳು ಹಿಮಗಟ್ಟಿದರೆ ಅದು ಕೂಡಲೇ ನಷ್ಟದ ಕಡೆ ದಾಖಲಾಗುತ್ತದೆ. ಮುನ್ನೂರು ಮಕ್ಕಳು ನಲವತ್ತು ದಿನ ಓಡದೇ ಇದ್ದುದನ್ನು ಬರೆಯಲು ಅದರಲ್ಲಿ ಕಲಮೇ ಇಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು, ಅದು ಧರ್ಮದ ವೇಷದಲ್ಲಿ ಬರುತ್ತದೆ. ಇಪ್ಪತ್ತೆರಡು ಪರೀಷಹಗಳಲ್ಲಿ ಶೀತವು ಮೂರನೆಯದು. ದಿಗಂಬರ ಮುನಿಗಳು ಮಾಘದ ಚಳಿಯನ್ನು ಬರಿಮೈಯಲ್ಲಿ ಸಹಿಸುತ್ತಾರೆ. ಹಾಗಿರಲು ಮಕ್ಕಳು ಇಷ್ಟಾದರೂ ಚಳಿ ತಿಂದು ಗಟ್ಟಿಯಾಗಲಿ ಎಂಬ ಮಾತು ಹಿರಿಯರಿಂದ ಕೇಳಿಬರುವುದುಂಟು. ಬಲವಂತದಿಂದ ಸಹಿಸಿದರೂ ಅಕಾಮನಿರ್ಜರೆ ಉಂಟಷ್ಟೆ ಎಂದು ಸೂತ್ರದ ಆಧಾರ ಕೊಡುವವರೂ ಇರಬಹುದು. ಆದರೆ ಅಕಾಮನಿರ್ಜರೆಗೆ ಪೂಜ್ಯಪಾದರು ಕೊಟ್ಟ ಉದಾಹರಣೆಯನ್ನು ಅವರು ಮರೆಯುತ್ತಾರೆ. ಅದು ಸೆರೆಮನೆಯಲ್ಲಿ ಬಂಧಿತನಾಗಿ ಹಸಿವೆ ನೀರಡಿಕೆಗಳನ್ನು ವಿಧಿಯಿಲ್ಲದೆ ಸಹಿಸುವವನ ಉದಾಹರಣೆ. ಸಹಿಸಿದ ಬಂಧಿತನಿಗೆ ಅದರಿಂದ ಅಲ್ಪ ಫಲವಿರಬಹುದು. ಸೆರೆಯಲ್ಲಿಟ್ಟವನು ಆ ಫಲಕ್ಕೆ ಪಾಲುದಾರನಲ್ಲ. ಪರೀಷಹಜಯವು ತಾನಾಗಿ ಆರಿಸಿಕೊಂಡ ಸಂವರದ ಮಾರ್ಗ. ಏಳು ವರ್ಷದ ಮಗುವಿನ ಮೇಲೆ ಅದನ್ನು ಹೇರುವುದಕ್ಕೆ ತಪಸ್ಸೆಂದು ಹೆಸರಿಡಲಾಗದು. ಮಗು ತಾನೇ ಹಿಮದಲ್ಲಿ ಹೊರಳಲು ಹಾತೊರೆದು ಕಿಟಕಿಗೆ ಮೂಗೊತ್ತಿ ನಿಂತಿದ್ದರೆ ಆ ಮಾತು ಬೇರೆ. ಮೈ ಮುಚ್ಚುವಷ್ಟು ಉಡುಪು ಕೊಟ್ಟು ಬಾಗಿಲು ತೆರೆಯುವುದೇ ಅಲ್ಲಿ ಧರ್ಮ.

ಒಳಗುಳಿಯಲೇಬೇಕಾದ ದಿನಗಳು ಇದ್ದೇ ಇರುತ್ತವೆ. ಋತುವಿನ ಕಾರಣದಿಂದ ಒಂದೆಡೆ ನೆಲೆಸುವುದು ಜೈನರಿಗೆ ಹೊಸದೇನಲ್ಲ. ವರ್ಷಾಯೋಗದ ನಾಲ್ಕು ತಿಂಗಳು ಮುನಿಸಂಘವು ವಿಹಾರವನ್ನು ನಿಲ್ಲಿಸುವುದು ಮಳೆಗೆ ಅಂಜಿ ಅಲ್ಲ, ಹಸಿ ನೆಲದಲ್ಲಿ ಹುಟ್ಟುವ ಅಸಂಖ್ಯ ಸೂಕ್ಷ್ಮಜೀವಿಗಳ ರಕ್ಷಣೆಗಾಗಿ. ಆ ನಾಲ್ಕು ತಿಂಗಳು ಸ್ವಾಧ್ಯಾಯ, ಪ್ರವಚನ, ಶ್ರಾವಕರ ಸಮಾಗಮಗಳಿಂದ ವರ್ಷದಲ್ಲಿಯೇ ತುಂಬಿದ ಕಾಲವಾಗುತ್ತದೆ. ಒಳಗಿರುವುದು ಬರಿದಾಗಿರಬೇಕಿಲ್ಲ. ಆದರೆ ಕೊಠಡಿಯ ಬೆಳಕನ್ನು ತಗ್ಗಿಸಿ, ಪರದೆಯ ಮೇಲೆ ಚಲಚ್ಚಿತ್ರ ಹಚ್ಚಿ, ಮಕ್ಕಳನ್ನು ಬೆಳಗಿನಿಂದ ಕುಳಿತ ಕುರ್ಚಿಯಲ್ಲಿಯೇ ಮತ್ತೆ ಕೂರಿಸಿದರೆ ಗಂಟು ಬಿಗಿಯಾಯಿತು. ಮೇಜುಗಳನ್ನು ಗೋಡೆಗೆ ಸರಿಸಿ ಕುಣಿಯಲು ಬಿಟ್ಟರೆ, ವ್ಯಾಯಾಮದ ಸಭಾಂಗಣವನ್ನು ಸರದಿಯಂತೆ ತೆರೆದರೆ ಅದೇ ಗಂಟು ಸಡಿಲವಾಗುತ್ತದೆ. ಗದ್ದಲವಾಗುವುದು ನಿಜ, ಗದ್ದಲದಿಂದ ಯಾವ ವ್ರತವೂ ಕೆಡುವುದಿಲ್ಲ. ಆ ಶಾಲೆಗಳಲ್ಲಿ ‘ಹೆಡ್ಸ್ ಅಪ್, ಸೆವೆನ್ ಅಪ್’ ಎಂಬ ಹಳೆಯ ಒಳಾಟವೊಂದುಂಟು. ಏಳು ಮಕ್ಕಳು ಮುಂದೆ ನಿಲ್ಲುತ್ತಾರೆ. ಉಳಿದವರು ಮೇಜಿನ ಮೇಲೆ ತಲೆಯಿಟ್ಟು, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮೇಲೆತ್ತಿರುತ್ತಾರೆ. ಏಳು ಮಂದಿ ಸದ್ದಿಲ್ಲದೆ ಬಂದು ತಲಾ ಒಬ್ಬರ ಹೆಬ್ಬೆರಳನ್ನು ಮುಟ್ಟಿ ಹೋಗುತ್ತಾರೆ. ಮುಟ್ಟಿದವರು ಯಾರೆಂದು ಮುಟ್ಟಿಸಿಕೊಂಡವರು ಊಹಿಸಬೇಕು. ಕದ್ದು ನೋಡಲು ಯಾವ ಅಡ್ಡಿಯೂ ಇಲ್ಲ, ಪಕ್ಕದವರ ಬೂಟು ಸುಲಭವಾಗಿ ಕಾಣುತ್ತದೆ. ನೋಡದೇ ಇರುವುದೇ ಆಟ. ಅಚೌರ್ಯದ ಪಾಠಕ್ಕೆ ಪಾಠಶಾಲೆಗಳಲ್ಲಿ ಇದಕ್ಕಿಂತ ಒಳ್ಳೆಯ ಉಪಾಯವನ್ನು ಯಾರಾದರೂ ಕಂಡುಹಿಡಿದಿದ್ದಾರೆಯೇ ಎಂಬುದು ಸಂಶಯ.

ಇನ್ನು ನಿಸ್ಸಂದೇಹವಾಗಿ ಅತಿಚಾರವೆನಿಸುವ ರೂಢಿಯೊಂದಿದೆ. ಹೊರಗೆ ಬಿಸಿಲಿದ್ದರೂ, ಲೆಕ್ಕ ಮುಗಿಸದ ಅಥವಾ ಮಾತನಾಡಿದ ಮಗುವನ್ನು ಶಿಕ್ಷೆಯಾಗಿ ಬಿಡುವಿನಲ್ಲಿ ಒಳಗೆ ಕೂರಿಸುವುದೇ ಅದು. ಇಲ್ಲಿ ಚಳಿಯೂ ಇಲ್ಲ, ರಕ್ಷಣೆಯೂ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2013ರ ತನ್ನ ಹೇಳಿಕೆಯಲ್ಲಿ, ಶಿಕ್ಷೆಗಾಗಿ ಅಥವಾ ಪಾಠಕ್ಕಾಗಿ ಬಿಡುವನ್ನು ಕಸಿಯಬಾರದೆಂದು ಸ್ಪಷ್ಟಪಡಿಸಿತು. ಇಲಿನಾಯ್ 2021ರಲ್ಲಿಯೂ ಕ್ಯಾಲಿಫೋರ್ನಿಯ 2023ರಲ್ಲಿಯೂ ಇದನ್ನು ನಿರ್ಬಂಧಿಸುವ ಶಾಸನಗಳನ್ನು ಮಾಡಿದವು. ಶಾಸ್ತ್ರಕಾರರು ಬಂಧವೆಂದು ಹೆಸರಿಟ್ಟು ಶತಮಾನಗಳ ಹಿಂದೆಯೇ ಗುರುತಿಸಿದ್ದನ್ನು ಶಾಸನಸಭೆಗಳು ಈಗ ಗುರುತಿಸುತ್ತಿವೆ ಎಂದು ಹಿಗ್ಗುವುದಕ್ಕೆ ಮುನ್ನ, ಜೈನ ಟ್ರಸ್ಟುಗಳು ನಡೆಸುವ ಇಲ್ಲಿನ ಶಾಲೆಗಳ ಕಡೆಗೂ ಒಮ್ಮೆ ನೋಡುವುದು ಒಳಿತು. ಹಿಮ ಬೀಳದ ಈ ನಾಡಿನಲ್ಲಿ, ಮೂರಂತಸ್ತಿನ ಕಟ್ಟಡಕ್ಕೆ ಅಂಗಳವೇ ಇಲ್ಲದೆ, ವರ್ಷವಿಡೀ ಒಳಬಿಡುವೇ ಆಗಿರುವ ಶಾಲೆಗಳು ಪಟ್ಟಣಗಳಲ್ಲಿ ಕಾಣಸಿಗುತ್ತವೆ. ಅವುಗಳಿಗೆ ಗಾಳಿಯ ಕೋಷ್ಟಕದ ನೆಪವೂ ಇಲ್ಲ.

ಕಡೆಯದಾಗಿ ಕೋಟಿಲ್ಲದ ಮಗುವಿನ ಮಾತು. ಚಳಿಯಿದ್ದೂ ಹೊರಗೆ ಬಿಡುವ ದಿನಗಳಲ್ಲಿ, ತಕ್ಕ ಉಡುಪಿಲ್ಲದ ಮಗುವನ್ನು ಒಳಗೆ ಉಳಿಸಿಕೊಳ್ಳುವ ಪದ್ಧತಿ ಹಲವು ಶಾಲೆಗಳಲ್ಲಿದೆ. ಬುದ್ಧಿಗೆ ಅದು ಸರಿಯೆಂದೇ ತೋರುತ್ತದೆ. ಆದರೆ ಆ ಕೊಠಡಿಯಲ್ಲಿ ಒಬ್ಬಂಟಿಯಾಗಿ ಕುಳಿತ ಮಗುವನ್ನು ಕಟ್ಟಿದ್ದು ಚಳಿಯಲ್ಲ, ಬಡತನ. ಅಪರಾಧವಿಲ್ಲದೆ ಶಿಕ್ಷೆಗೊಳಗಾದ ಅವಮಾನವೂ ಅದಕ್ಕೆ ಸೇರಿಕೊಳ್ಳುತ್ತದೆ. ವಲಸೆ ಬಂದ ಮೊದಲ ವರ್ಷ ಬೂಟಿನ ಅಗತ್ಯವೇ ತಿಳಿಯದ ತಂದೆತಾಯಿಗಳ ಮಕ್ಕಳೂ ಅಲ್ಲಿರುತ್ತಾರೆ. ಅನೇಕ ಶಾಲೆಗಳ ಕಚೇರಿಯಲ್ಲಿ ಇದಕ್ಕಾಗಿ ದಾನವಾಗಿ ಬಂದ ಕೋಟು ಕೈಗವಸುಗಳ ಪೆಟ್ಟಿಗೆಯೊಂದನ್ನು ಇಟ್ಟಿರುತ್ತಾರೆ. ಮಗು ಕೇಳಬೇಕಾಗಿಲ್ಲ, ಯಾರದೆಂದು ಹೆಸರು ಬರೆದಿರುವುದಿಲ್ಲ. ಪರ್ಯೂಷಣದಲ್ಲಿ ಅಭಯದಾನವೆಂದು ಹಣ ತೆಗೆದಿರಿಸುವ ಅಲ್ಲಿನ ಜೈನ ಕುಟುಂಬಗಳಿಗೆ ಆ ಪೆಟ್ಟಿಗೆ ದೂರದಲ್ಲೇನೂ ಇಲ್ಲ. ಅದರಲ್ಲಿ ಬೇಗ ಮುಗಿದುಹೋಗುವುದು ಚಿಕ್ಕ ಅಳತೆಯ ಕೈಗವಸುಗಳು; ಅಕ್ಟೋಬರ್ ಮುಗಿಯುವುದರೊಳಗೆ ತುಂಬಿಸಿಟ್ಟರೆ ಮೊದಲ ಹಿಮಕ್ಕೆ ಒದಗುತ್ತವೆ.