ಆಣೆಗೂ ಮುನ್ನ

ಕುಡಿತಕ್ಕೆ ಬಿದ್ದ ಮಗನನ್ನು ದೇವರೆದುರು ನಿಲ್ಲಿಸಿ ಆಣೆ ಮಾಡಿಸುವ ತಾಯಂದಿರನ್ನು ಆಡೂರಿನಲ್ಲಿ ನಾವು ಕಂಡಿದ್ದೇವೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು, ಚಟ ನಿಲ್ಲಲಿಲ್ಲ. ಜೀವನು ಪರತಂತ್ರನೆಂದು ಪ್ರವಚನದಲ್ಲಿ ಕೇಳುವ ನಾವೇ ಆಣೆ ಮುರಿದವನನ್ನು ಮಾತ್ರ ಪೂರ್ಣ ಸ್ವತಂತ್ರನೆಂಬಂತೆ ದೂಷಿಸುತ್ತೇವೆ. ಮೊದಲ ಗುಟುಕು ಅವನ ಇಚ್ಛೆಯೇ ಸರಿ. ಅಷ್ಟರ ಮಟ್ಟಿಗೆ ದೋಷವೂ ಅವನದೇ. ಆದರೆ ವರುಷಗಟ್ಟಲೆ ವಿಪರೀತ ಕುಡಿದ ದೇಹವು ಮದ್ಯಕ್ಕೇ ಒಗ್ಗಿರುತ್ತದೆ. ಅಂಥವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಸೆಳವು, ಬುದ್ಧಿಭ್ರಮೆ ತಲೆದೋರಿ ಪ್ರಾಣಕ್ಕೂ ಎರವಾಗಬಹುದು. ಇದನ್ನು ದೈವಕೋಪವೆಂದು ಬಗೆದು ಕೋಣೆಯಲ್ಲಿ ಕೂಡಿಹಾಕುವವರೂ ಉಂಟು! ಆಣೆ ಮಾಡಿಸುವುದಿದ್ದರೆ ಮಾಡಿಸಿರಿ. ಅದಕ್ಕೂ ಮುನ್ನ ಹಾನಗಲ್ಲಿನ ಸರಕಾರಿ ಆಸ್ಪತ್ರೆಗೆ ಕರೆದೊಯ್ದು, ಎಷ್ಟು ಕುಡಿಯುತ್ತಿದ್ದನೆಂಬುದನ್ನು ನಾಚದೆ ವೈದ್ಯರಿಗೆ ತಿಳಿಸಿರಿ.